ಪಾದದರ್ಶನ

"ಭಾವ, ಈ ಸಲ ನಿಮಗೆ ಪಾದದರ್ಶನ ಮಾಡಿಸ್ತೀನಿ" ಅಂದ, ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಭಾವಮೈದ. ಯಾರೋ ಸ್ವಾಮಿಗಳು ಬಂದಿರಬೇಕು ಅಂದುಕೊಂಡು ಪಂಚೆಗೆ ಇಸ್ತ್ರಿ ಹಾಕಿಟ್ಟೆ. ನೋಡಿದರೆ ಇವನು ಕಾರಿಗೆ ಟೆಂಟು ತುಂಬುತ್ತಿದ್ದಾನೆ. ಪಾದ ಬಿಗ್‌ಫುಟ್‌ನದಂತೆ, ಅಲ್ಲಿನ ಕಾಡಿನಲ್ಲಿ ಇದೆ ಎಂದು ಕೆಲವರು ನಂಬುವ ದೈತ್ಯ ವಾನರನದು!

ಆ ರಾಜ್ಯದ ಉತ್ತರಕ್ಕೆ ವಿಲ್ಲೋ ಕ್ರೀಕ್ ಅಂತ ಊರು. ಅಲ್ಲಿ ಬಿಗ್‌ಫುಟ್‌ಗೆ ಮ್ಯೂಸಿಯಂ ಇದೆ, ಎದುರಿಗೆ ಮರದ ವಿಗ್ರಹವಿದೆ. ಮಂಗಳಾರತಿ ಒಂದು ಬಾಕಿ. ಸ್ಥಳಪುರಾಣವೂ ಉಂಟು. 1958ರಲ್ಲಿ ಬ್ಲಫ್ ಕ್ರೀಕ್ ಹಳ್ಳದ ಹತ್ತಿರ ರಸ್ತೆ ಮಾಡುತ್ತಿದ್ದಾಗ, ಬುಲ್ಡೋಜರ್ ಓಡಿಸುತ್ತಿದ್ದ ಜೆರ್ರಿ ಕ್ರೂಗೆ 16 ಅಂಗುಲದ ಹೆಜ್ಜೆ ಕಂಡಿತು. ಪ್ಲಾಸ್ಟರ್ ಸುರಿದು ಅಚ್ಚು ತೆಗೆದ. ಊರ ಪೇಪರಿನವರು ನಾಮಕರಣ ಮುಗಿಸಿದರು. 2002ರಲ್ಲಿ ಆ ರಸ್ತೆಯ ಕಂಟ್ರಾಕ್ಟರ್ ರೇ ವಾಲೇಸ್ ತೀರಿಕೊಂಡ ಮೇಲೆ, "ಅದೆಲ್ಲ ನಮ್ಮಪ್ಪನ ಚೇಷ್ಟೆ" ಎಂದು ಮಕ್ಕಳು ಮರದ ಪಾದಗಳನ್ನು ಹೊರತೆಗೆದರು. ಭರತನ ಕಾಲದಿಂದ ಪಾದುಕೆ ಪೂಜಿಸಿದವರು ನಾವು, ನಗುವ ಹಕ್ಕು ನಮಗಿಲ್ಲ ಬಿಡಿ.

1967ರಲ್ಲಿ ಅದೇ ಹಳ್ಳದಲ್ಲಿ ಪ್ಯಾಟರ್ಸನ್, ಗಿಮ್ಲಿನ್ ಎಂಬಿಬ್ಬರು ಬಿಗ್‌ಫುಟ್‌ನದೇ ಎನ್ನುವ ಒಂದು ನಿಮಿಷದಷ್ಟು ಫಿಲ್ಮು ತೆಗೆದರು. ಭಾವಮೈದ ಅದನ್ನು ಮೊಬೈಲಿನಲ್ಲಿ ತೋರಿಸಿ, "ಆ ನಡಿಗೆ ನೋಡಕ್ಕಾ" ಅಂದ. ನನ್ನಾಕೆ ಕನ್ನಡಕ ಏರಿಸಿ, "ಥೇಟ್ ನಮ್ಮ ದೊಡ್ಡಮ್ಮ ಸಂತೆ ಮುಗಿಸಿ ಬರೋ ಹಾಗಿದೆ ಕಣೋ" ಅಂದಳು. ಅವನು ಊಟದವರೆಗೆ ಮಾತಾಡಲಿಲ್ಲ.

ಕಾಡಿನಲ್ಲಿ ಕಂಡದ್ದೆಲ್ಲ ಅವನಿಗೆ ಗುರುತೇ. ಮುರಿದ ಕೊಂಬೆ ಗುರುತು, ನಾರುವ ಗಾಳಿ ಗುರುತು. ಕೆಸರಲ್ಲಿದ್ದ ಉದ್ದನೆಯ ಹೆಜ್ಜೆಗೆ ಟೇಪು ಹಿಡಿದ. ಕರಡಿ ಮುಂಗಾಲಿಟ್ಟ ಕಡೆಯೇ ಹಿಂಗಾಲಿಟ್ಟರೆ ಎರಡೂ ಸೇರಿ ಒಂದೇ ದೊಡ್ಡ ಪಾದದ ಹಾಗೆ ಕಾಣುತ್ತದೆ ಅಂದೆ. ಕರಡಿ ಅಂದದ್ದೇ ತಪ್ಪಾಯಿತು. ನನ್ನಾಕೆ ಕಾರಿನಲ್ಲೇ ಮಲಗುತ್ತೇನೆಂದು ಹಟ ಹಿಡಿದಳು.

ರಾತ್ರಿ ಹತ್ತಕ್ಕೆ ಬೇಸ್‌ಬಾಲ್ ಬ್ಯಾಟಿನಿಂದ ಫರ್ ಮರಕ್ಕೆ ಮೂರು ಏಟು ಕೊಟ್ಟ. ಬಿಗ್‌ಫುಟ್ ಹೀಗೇ ಮರ ಬಡಿದು ಮಾತಾಡುತ್ತದಂತೆ. ಸ್ವಲ್ಪ ಹೊತ್ತಿಗೆ ದೂರದಿಂದ ಟಕ್, ಟಕ್, ಟಕ್! ಸುಳ್ಳೇಕೆ ಹೇಳಲಿ, ನನ್ನ ಕೈಯಲ್ಲಿದ್ದ ಕೋಡುಬಳೆ ಕೆಳಗೆ ಬಿತ್ತು.

ಬೆಳಿಗ್ಗೆ ಹಳ್ಳದ ಆಚೆ ದಡದಿಂದ ಇಬ್ಬರು ಗಡ್ಡದ ಹುಡುಗರು ಬಂದರು. ಒಬ್ಬನ ಹೆಗಲ ಮೇಲೆ ಬ್ಯಾಟು. "ರಾತ್ರಿ ಹತ್ತಕ್ಕೆ ಕೇಳಿಸಿತಾ? ನಾವು ಬಡಿದದ್ದಕ್ಕೆ ಅದೂ ಬಡಿಯಿತು!" ಭಾವಮೈದ ತನ್ನ ಬ್ಯಾಟನ್ನು ಮೆಲ್ಲಗೆ ಟೆಂಟಿನೊಳಕ್ಕೆ ಒದ್ದು, "ಸ್ಪಷ್ಟವಾಗಿ ಕೇಳಿಸಿತು" ಅಂದ. ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.