ಶಂಶಾಬಾದಿನಲ್ಲೊಬ್ಬ ಕನ್ನಡ ಮಾಸ್ತರ

ಪಂಜಾಬಿ ಗಾಯಕ ದಿಲ್ಜಿತ್ ದೋಸಾಂಝ್ ಕಾರ್ಯಕ್ರಮಕ್ಕೆ ನಾನು ಹೈದರಾಬಾದಿಗೆ ಹೊರಟದ್ದು ಒಂದು ಸೊಳ್ಳೆಯ ಕೃಪೆಯಿಂದ. ಅಕ್ಕನ ಮಗ ಗೆಳೆಯರ ಜೊತೆ ಟಿಕೆಟ್ ತೆಗೆದಿದ್ದ. ಅವರಲ್ಲೊಬ್ಬನಿಗೆ ಡೆಂಗೂ ಆಯಿತು. "ರೊಕ್ಕ ದಂಡ ಆಗ್ತದ, ನೀನೇ ಹೋಗು. ಹುಡುಗೂರ ಮ್ಯಾಲೆ ಒಂದ್ ಕಣ್ಣಿಡು" ಎಂದು ಅಕ್ಕ ತೀರ್ಪು ಕೊಟ್ಟಳು. ಛಂದಸ್ಸು ಪಾಠ ಮಾಡುವ ನನಗೆ ಪಂಜಾಬಿ ಬರುವುದಿಲ್ಲ. ಪಾಪ್, ರ‍್ಯಾಪ್‌ಗಳಲ್ಲಿ ಯಾವುದು ಎಲ್ಲಿ ಮುಗಿಯುತ್ತದೆಂಬುದೂ ತಿಳಿಯದು.

2024ರ ನವೆಂಬರ್ 15. ನಮಗೆ ಗೌರಿ ಹುಣ್ಣಿಮೆ, ಸಿಖ್ಖರಿಗೆ ಗುರುನಾನಕ್ ಜಯಂತಿ. ಕಲಬುರಗಿಯಲ್ಲಿ ರೈಲು ಹತ್ತಿ ವಾಡಿ ದಾಟುವಷ್ಟರಲ್ಲಿ ಹುಡುಗರ ಮೊಬೈಲಿಗೆ ಸುದ್ದಿ ಬಂತು. ದಾರೂ, ಡ್ರಗ್ಸ್, ಹೊಡೆದಾಟ ಹೊಗಳುವ ಹಾಡು ಹಾಡಕೂಡದು, ಮಕ್ಕಳನ್ನು ವೇದಿಕೆಗೆ ಕರೆಯಕೂಡದು ಎಂದು ತೆಲಂಗಾಣ ಸರ್ಕಾರ ನೋಟಿಸು ಕೊಟ್ಟಿದೆ! 'ಪಟಿಯಾಲಾ ಪೆಗ್', 'ಪಂಜ್ ತಾರಾ' ಎಂದು ಹಾಡಿನ ಹೆಸರುಗಳೂ ಅದರಲ್ಲಿದ್ದವು. ಹುಡುಗರು ಕೆಂಡವಾದರು. ನನಗೆ ಮಾತ್ರ ಹೊಟ್ಟೆಕಿಚ್ಚು. ನನ್ನವೂ ಕವನ ಸಂಕಲನಗಳಿವೆ, ಅವುಗಳಲ್ಲಿ ಮದಿರೆಯೂ ಧಾರಾಳವಾಗಿದೆ. ಇಷ್ಟು ಕಾಳಜಿಯಿಂದ ಓದಿದವರು ಇವತ್ತಿನವರೆಗೆ ಯಾರೂ ಸಿಕ್ಕಿಲ್ಲ.

ಸುದ್ದಿಯ ಮುಂದಿನ ಭಾಗವೇ ನನ್ನ ಕುತ್ತಿಗೆಗೆ ಬಂತು. ದೂರು ಕೊಟ್ಟವರು ಚಂಡೀಗಢದಲ್ಲಿ ಕಾಲೇಜು ಅಧ್ಯಾಪಕರಾಗಿರುವ ಪಂಡಿತರಾವ್ ಧರೆಣ್ಣವರ, ವಿಜಯಪುರ ಜಿಲ್ಲೆಯ ಮೂಲದವರು! ಅಲ್ಲಿ ಪಂಜಾಬಿ ಕಲಿತು, ಸಿಖ್ಖರ ಪವಿತ್ರ ವಾಣಿಯನ್ನು ಕನ್ನಡಕ್ಕೆ ತಂದು, ದಾರೂ-ಬಂದೂಕಿನ ಹಾಡುಗಳ ವಿರುದ್ಧ ವರ್ಷಗಟ್ಟಲೆ ಬಡಿದಾಡುತ್ತ ಬಂದವರು. ಅಭಿಮಾನದಿಂದ ನನ್ನ ಎದೆ ಉಬ್ಬಿತು. ಉಬ್ಬಿದ್ದನ್ನು ಹುಡುಗರು ನೋಡಿಬಿಟ್ಟರು.

"ಮಾಮಾ, ಅವ್ರೂ ಮಾಸ್ತರು, ನೀನೂ ಮಾಸ್ತರ. ಖರೇ ಹೇಳು, ನಿಂಗ ಮೊದಲೇ ಗೊತ್ತಿತ್ತಿಲ್ಲೋ?"

ತಾಂಡೂರು ದಾಟುವವರೆಗೂ ವಿಚಾರಣೆ ನಡೆಯಿತು. ಕರ್ನಾಟಕದ ಮಾಸ್ತರರೆಲ್ಲ ಒಂದೇ ವಾಟ್ಸಾಪ್ ಗುಂಪಿನಲ್ಲಿ ಇರುವುದಿಲ್ಲ ಎಂದರೂ ನಂಬಲಿಲ್ಲ.

ನಾಂಪಲ್ಲಿಯಲ್ಲಿ ಇಳಿದು, ಸೂಟ್‌ಕೇಸಿನವರೇ ತುಂಬಿದ್ದ ವಿಮಾನ ನಿಲ್ದಾಣದ ಬಸ್ಸಿನಲ್ಲಿ ಕೈಚೀಲ ಹಿಡಿದು ಶಂಶಾಬಾದ್ ತಲುಪಿದೆವು. ಜಿಎಂಆರ್ ಅರೀನಾದ ಗೇಟಿನಲ್ಲಿ ಆ ಚೀಲಕ್ಕೇ ತಡೆ ಬಿತ್ತು. ಒಳಗಿದ್ದದ್ದು ಅಕ್ಕ ಬಡಿದುಕೊಟ್ಟ ಜೋಳದ ಖಟಿ ರೊಟ್ಟಿ, ಮಡಚಿದ ಪೇಪರಿನಲ್ಲಿ ಶೇಂಗಾ ಹಿಂಡಿ. ಡ್ರಗ್ಸ್ ಬಗ್ಗೆ ನೋಟಿಸು ಬಂದ ದಿನ ಮಾಸ್ತರನ ಚೀಲದಲ್ಲಿ ಕೆಂಪು ಪುಡಿ! ಗಾರ್ಡು ಪೊಟ್ಟಣ ಬಿಚ್ಚಿದ, ಮೂಗಿನ ಹತ್ತಿರ ಒಯ್ದ, ದೊಡ್ಡದಾಗಿ ಸೀನಿದ. ಸಾಲಿನಲ್ಲಿದ್ದವರು ನಾಲ್ಕು ಹೆಜ್ಜೆ ಹಿಂದೆ ಸರಿದರು. ಆಮೇಲೆ ಬೆರಳಿಗೆ ಹತ್ತಿದ್ದನ್ನು ನಾಲಿಗೆಗಿಟ್ಟು, "ಬಳ್ಳೊಳ್ಳಿ ಕಮ್ಮಿ ಆಗ್ಯಾದ ನೋಡ್ರಿ" ಎಂದ. ಮಕ್ತಲ್ ಕಡೆಯವನಂತೆ. ಆದರೂ ಕಾನೂನು ಕಾನೂನೇ, ಹೊರಗಿನ ಊಟ ಒಳಗಿಲ್ಲ. ಅಕ್ಕನ ರೊಟ್ಟಿ ಬಿಸಾಡುವ ಧೈರ್ಯ ನನಗಿಲ್ಲ. ಹುಡುಗರು ಗುರುತೇ ಇಲ್ಲದವರ ಹಾಗೆ ಮುಂದೆ ಹೋದರು. ನಾನು, ಗಾರ್ಡು ಗೇಟಿನ ಪಕ್ಕ ನಿಂತು ಕಟಂಕಟಂ ಎಂದು ಮುರಿದು ತಿಂದು ಮುಗಿಸಿದೆವು. ಸರದಿಯಲ್ಲಿ ಯಾರೋ ದೂರು ಕೊಟ್ಟ ಮಾಸ್ತರನಿಗೆ ಹಿಂದಿಯಲ್ಲಿ ಬೈಯುತ್ತಿದ್ದರು. ಊರಿನವರ ಪರ ಒಂದು ಮಾತಾಡಬೇಕೆನ್ನಿಸಿತು. ಬಾಯಲ್ಲಿ ರೊಟ್ಟಿ ಇತ್ತು.

ನಮ್ಮದು ಸಿಲ್ವರ್ ಟಿಕೆಟ್ಟು. ಪಂಜಾಬಿನಲ್ಲಿ ಹಾಡಿದ್ದು ಹೈದರಾಬಾದಿಗೆ ಕೇಳಿಸಿದಂತಿತ್ತು. ಮುಂದೊಬ್ಬಳು ಗೆಳೆಯನ ಹೆಗಲೇರಿದ್ದರಿಂದ ನನಗೆ ಕಂಡದ್ದು ಅವಳ ಮೊಬೈಲಿನಲ್ಲಿ ಹೆಬ್ಬೆಟ್ಟಿನಷ್ಟು ಉದ್ದದ ದಿಲ್ಜಿತ್.

ಅಷ್ಟರಲ್ಲಿ ದಾರೂ ಇರುವ ಹಾಡೊಂದು ಬಂತು. ಪುಣ್ಯಾತ್ಮ ದಾರೂ ಎನ್ನುವಲ್ಲಿ ಕೋಕ್ ಎಂದುಬಿಟ್ಟ! ಜನ ಕೇಕೆ ಹಾಕಿದರು. ನನ್ನೊಳಗಿನ ಮಾಸ್ತರ ಎದ್ದು ಕೂತ. ದಾರೂ ಅಂದರೆ ಎರಡು ಗುರು, ನಾಲ್ಕು ಮಾತ್ರೆ. ಕೋಕ್ ಒಂದೇ ಗುರು, ಎರಡೇ ಮಾತ್ರೆ. ಉಳಿದೆರಡು ಮಾತ್ರೆಯನ್ನು ಈತ ಎಲ್ಲಿಂದ ತುಂಬುತ್ತಾನೆ? ನೂಕುನುಗ್ಗಲಲ್ಲಿ ಕೈ ಕೆಳಗಿಳಿಸಲು ಜಾಗವಿರಲಿಲ್ಲ. ತಲೆಯ ಮೇಲೆತ್ತಿ, ಬೆರಳು ಮಡಚುತ್ತ, ಬಿಚ್ಚುತ್ತ, ಗಣ ಮುಗಿದಲ್ಲಿ ಒಮ್ಮೆ ಕುಕ್ಕುತ್ತ ಎಣಿಸತೊಡಗಿದೆ. ಪಕ್ಕದ ಸರ್ದಾರ್ಜಿ ಇದು ಯಾವುದೋ ದಕ್ಷಿಣದ ಸ್ಟೆಪ್ಪು ಎಂದು ತಿಳಿದು ತಾನೂ ಬೆರಳು ಮಡಚಿದ. ಅವನ ಹಿಂದಿನವರೂ ಮಡಚಿದರು. ಕಣ್ಣು ತೆರೆದಾಗ ಸಿಲ್ವರಿನ ಒಂದು ಮೂಲೆಗೆ ಮೂಲೆಯೇ ಪ್ರಸ್ತಾರ ಹಾಕುತ್ತಿತ್ತು. ಇಷ್ಟು ವರ್ಷದ ಪಾಠದಲ್ಲಿ ನನ್ನ ತರಗತಿ ಒಮ್ಮೆಯೂ ಹೀಗೆ ಒಟ್ಟಿಗೆ ಲೆಕ್ಕ ಹಾಕಿದ್ದಿಲ್ಲ. ನಾನೂ ಬಿಡಲಿಲ್ಲ, ಇನ್ನೆರಡು ಹಾಡಿಗೆ ಅದನ್ನೇ ಕುಣಿದೆ.

ವಾಪಸು ಬರುವ ಪಾಡು ಹೇಳುವಂಥದ್ದಲ್ಲ. ಕ್ಯಾಬಿಲ್ಲ, ಬಸ್ಸಿಲ್ಲ, ಟ್ರಾಲಿ ಆಟೋದಲ್ಲಿ ನಿಂತು ಆರಾಂಘರ್‌ವರೆಗೆ, ಅಲ್ಲಿಂದ ದೇವರು ನಡೆಸಿದ ಹಾಗೆ. ನಾಂಪಲ್ಲಿಯಲ್ಲಿ ಇರಾನಿ ಚಹಾಕ್ಕೆ ಉಸ್ಮಾನಿಯಾ ಬಿಸ್ಕಿಟ್ ಅದ್ದುವಾಗ ಅಳಿಯ ಹಲ್ಲು ಕಿರಿಯುತ್ತ ಮೊಬೈಲು ತೋರಿಸಿದ. ನನ್ನ ಕುಣಿತ ಮನೆಮಂದಿಯ ವಾಟ್ಸಾಪ್ ಗುಂಪು ಸೇರಿ ಆಗಲೇ ರಾತ್ರಿ ಕಳೆದಿತ್ತು. ಕೆಳಗೆ ಅಕ್ಕನ ವಾಯ್ಸ್ ಮೆಸೇಜು:

"ಸೀಗಿ ಹುಣ್ಣಿಮಿಗಿ ಹೊಲಕ್ಕ ಬಾ, ಚರಗ ಚೆಲ್ಲೂಣು ಅಂದ್ರ ಮೊಣಕಾಲು ಬ್ಯಾನಿ ಅಂದಿದ್ದೆಲ್ಲೋ?"