ನನ್ನ ಗೇಟಿನೆದುರು ಕಾರು ನಿಲ್ಲಿಸುವ ಅಪರಿಚಿತ ಮಹನೀಯರಿಗೆ

ಮಹನೀಯರೆ,

ತಮ್ಮ ನಾಮಧೇಯವನ್ನಾಗಲಿ ನಿವಾಸವನ್ನಾಗಲಿ ನಾನರಿಯೆ. ತಮ್ಮ ಮುಖವನ್ನೂ ಕಂಡವನಲ್ಲ. ಆದರೂ ತಮ್ಮ ಬೂದುಬಣ್ಣದ ಕಾರಿನ ಹಿಂಬದಿಯನ್ನು, ಹಿಂದಿನವರು ಬಾಗಿಲು ತೆರೆದೊಡನೆ ತುಳಸೀಕಟ್ಟೆಯನ್ನು ಕಾಣುತ್ತಿದ್ದಂತೆ, ಎಂಟು ತಿಂಗಳಿಂದ ಪ್ರತಿ ಪ್ರಾತಃಕಾಲವೂ ಕಾಣುತ್ತ ಬಂದಿರುವುದರಿಂದ, ನಮ್ಮಿಬ್ಬರ ನಡುವೆ ಒಂದು ಬಗೆಯ ಸ್ನೇಹವೇರ್ಪಟ್ಟಿದೆಯೆಂದು ಭಾವಿಸಿ ಈ ಬಿನ್ನಹವನ್ನು ಬರೆಯುವ ಸಲಿಗೆ ವಹಿಸಿದ್ದೇನೆ. ತಾವು ಕಾರು ನಿಲ್ಲಿಸುವ ಸ್ಥಳವು ಜಯನಗರದ ಒಂದು ಅಡ್ಡರಸ್ತೆಯಲ್ಲಿ, ನನ್ನ ಗೇಟಿನ ನಟ್ಟನಡುವೆ ಇರುವುದು. ಈ ಬಡಾವಣೆಗೆ ರೇಖೆ ಎಳೆದ 1948ರ ಸುಮಾರಿನಲ್ಲಿ ಗೃಹಸ್ಥನೆಂಬವನಿಗೆ ಒಂದು ಸೈಕಲ್ಲಿದ್ದರೆ ಅದೇ ಐಶ್ವರ್ಯ. ಇಂದು ನಗರದಲ್ಲಿ ಒಂದು ಕೋಟಿಗೂ ಮೀರಿ ವಾಹನಗಳಿದ್ದು, ಅವುಗಳಲ್ಲಿ ಒಂದು ನನ್ನ ಪಾಲಿಗೆ ಬಂದಿತೆಂದು ಗೊಣಗುವುದು ತರವಲ್ಲವೆಂದು ಬಲ್ಲೆ. ಆದರೆ ಧರ್ಮವೆಂಬುದೊಂದುಂಟು.

ಶಾಸ್ತ್ರವನ್ನೋದದೆ ಜಗಳಕ್ಕಿಳಿಯುವ ಜಾತಿಯವನು ನಾನಲ್ಲ. 1989ರ ರಸ್ತೆನಿಯಮಾವಳಿಯ 15ನೆಯ ನಿಯಮವನ್ನೂ, 2017ರಲ್ಲಿ ಅದರ ಪೀಠವನ್ನೇರಿದ ಹೊಸ ಚಾಲನಾ ನಿಯಮಾವಳಿಯನ್ನೂ, ಕನ್ನಡಕದ ಮೇಲೊಂದು ಭೂತಗನ್ನಡಿಯನ್ನಿಟ್ಟುಕೊಂಡು ಓದಿದ್ದೇನೆ. ಕಾಲುದಾರಿಯ ಮೇಲೆ ನಿಲ್ಲಿಸಕೂಡದು. ರಸ್ತೆ ಕೂಡುವಲ್ಲಿ ನಿಲ್ಲಿಸಕೂಡದು. ಪಾದಚಾರಿಗಳು ದಾಟುವಲ್ಲಿ, ಬಸ್ ನಿಲ್ಲುವಲ್ಲಿ ನಿಲ್ಲಿಸಕೂಡದು. ಪರರ ಕಟ್ಟಡದ ಪ್ರವೇಶಕ್ಕೆ ಅಡ್ಡಲಾಗಿ ಸರ್ವಥಾ ನಿಲ್ಲಿಸಕೂಡದು. ಈ ನಿಷೇಧಗಳನ್ನೆಲ್ಲ ಒಂದು ಭಾನುವಾರ ಸೀಮೆಸುಣ್ಣದಿಂದ ನಮ್ಮ ಅಡ್ಡರಸ್ತೆಯ ಮೇಲೆ ಬರೆದು ನೋಡಲಾಗಿ, ಸಕಲ ಶಾಸ್ತ್ರಗಳಿಗೂ ಸಮ್ಮತವಾಗಿ ಉಳಿದದ್ದು ಮೂಲೆಯ ಹೊಂಗೆಮರದ ಬುಡವೊಂದೇ. ಅಲ್ಲಿ ಎಳನೀರು ಮಾರುವವನು ಕುಳಿತಿರುತ್ತಾನೆ.

ಇನ್ನು 1988ರ ಮೋಟಾರು ವಾಹನ ಅಧಿನಿಯಮದ 127ನೆಯ ಪ್ರಕರಣ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆಗಳ ಕಾಲ ವಾರಸುದಾರರಿಲ್ಲದೆ ನಿಂತ ವಾಹನವನ್ನು, ಸಮವಸ್ತ್ರ ಧರಿಸಿದ ಅಧಿಕಾರಿಯ ಅಪ್ಪಣೆಯಿಂದ, ಎಳೆದೊಯ್ಯಬಹುದು ಇಲ್ಲವೆ ಗಾಲಿಗೆ ಬೀಗ ಜಡಿಯಬಹುದು. ತಾವು ರಾತ್ರಿ ಹತ್ತಕ್ಕೆ ದಯಮಾಡಿಸಿ ಬೆಳಗ್ಗೆ ಏಳೂಮುಕ್ಕಾಲಿಗೆ ನಿರ್ಗಮಿಸುವುದನ್ನು ನಾನು ಕಿಟಕಿಯಿಂದ ಲೆಕ್ಕವಿಟ್ಟು ನೋಡಿದಾಗ, ತಾವೂ ನನ್ನಂತೆಯೇ ಶಾಸನವನ್ನು ಓದಿಕೊಂಡವರೆಂಬ ಗೌರವವು ನನ್ನಲ್ಲಿ ಮೂಡಿತು. ನಿಷಿದ್ಧ ಸ್ಥಳದಲ್ಲಾದರೆ ಗಂಟೆಯ ಲೆಕ್ಕವೇ ಬೇಕಿಲ್ಲ, ಕೂಡಲೇ ಎಳೆಯಬಹುದೆಂದು ಅದೇ ಪ್ರಕರಣವು ಹೇಳುತ್ತದೆಂಬುದನ್ನೂ ಬಲ್ಲೆ; ಆದರೆ ಎಳೆಯುವವರು ಬೇಕಷ್ಟೆ. 2022ರ ಫೆಬ್ರವರಿಯಲ್ಲಿ ಜನರ ಆಕ್ರೋಶಕ್ಕೆ ಮಣಿದು ಆ ಎಳೆಯುವ ವಾಹನಗಳ ಸಂಚಾರವನ್ನು ನಿಲ್ಲಿಸಿದಾಗ ನಮ್ಮ ಬೀದಿಯಲ್ಲಿ ಮೈಸೂರುಪಾಕು ಹಂಚಿದವನು ನಾನೇ. ಆಗ ತಮ್ಮ ಪರಿಚಯವಿರಲಿಲ್ಲ.

ದಂಡದ ವಿಷಯವನ್ನು ಎತ್ತದಿರುವುದೇ ಲೇಸು. ಬಾಕಿಯುಳಿದ ಸಂಚಾರದಂಡಗಳಿಗೆ 2023ರ ಫೆಬ್ರವರಿಯಲ್ಲೊಮ್ಮೆ, 2025ರಲ್ಲಿ ಮತ್ತೊಮ್ಮೆ, ಆಷಾಢದ ಸೀರೆಯಂಗಡಿಯವರಂತೆ ಸರ್ಕಾರವು ಅರ್ಧಕ್ಕರ್ಧ ರಿಯಾಯಿತಿಯನ್ನು ಸಾರಿದುದರಿಂದ, ಒಡನೊಡನೆ ದಂಡ ತೆತ್ತವನು ದಡ್ಡನೆಂದೂ, ತೆರದೆ ಕಾದವನು ಗೃಹಕೃತ್ಯ ಬಲ್ಲವನೆಂದೂ ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ.

ಇದಕ್ಕಿಂತ ಗಹನವಾದುದು ನಮ್ಮ ಅಡ್ಡರಸ್ತೆ ಹೋಗಿ ಸೇರುವ ರಸ್ತೆಯ ಫಲಕ. ಒಂದು ಪಕ್ಕದಲ್ಲಿ ‘ಸಮ ದಿನಾಂಕ’ವೆಂದೂ ಎದುರು ಪಕ್ಕದಲ್ಲಿ ‘ಬೆಸ ದಿನಾಂಕ’ವೆಂದೂ ಬರೆದಿರುವ ಆ ಜೋಡಿ ಫಲಕಗಳ ಅರ್ಥವನ್ನು ಬಿಡಿಸಲು ನಾನು ಪಟ್ಟ ಪಾಡು, ಒಂದೇ ದಿನ ಎರಡು ತಿಥಿ ಬಿದ್ದಾಗ ಶ್ರಾದ್ಧವನ್ನು ಯಾವುದರಲ್ಲಿ ಮಾಡಬೇಕೆಂದು ನಮ್ಮ ತಾತ ಧರ್ಮಸಿಂಧುವನ್ನು ಮುಂದಿಟ್ಟುಕೊಂಡು ಪಟ್ಟ ಪಾಡಿಗೆ ಸಮಾನವಾದುದು. ಪ್ರಥಮ ಸಂಶಯ: ದಿನವು ಯಾವಾಗ ಹುಟ್ಟುವುದು? ನಮ್ಮ ಪಂಚಾಂಗಕ್ಕೆ ಸೂರ್ಯೋದಯದಲ್ಲಿ. ಪೊಲೀಸರ ಗಡಿಯಾರಕ್ಕೆ ನಡುರಾತ್ರಿಯಲ್ಲಿ. ಹಾಗಾದರೆ ಸಂಜೆ ಸಮ ಪಕ್ಕದಲ್ಲಿ ಧರ್ಮಿಷ್ಠವಾಗಿ ನಿಂತ ಕಾರು, ಹನ್ನೆರಡು ಹೊಡೆಯುತ್ತಲೇ ಯಾವ ಅಪರಾಧವನ್ನೂ ಮಾಡದೆ ಅಧರ್ಮಿಯಾಗುವುದು. ರಸ್ತೆಯ ಗೃಹಸ್ಥರೆಲ್ಲ ಲುಂಗಿಯನ್ನೆತ್ತಿ ಕಟ್ಟಿ, ಕೀಲಿಗಳನ್ನು ಹಿಡಿದು, ಆ ಮುಹೂರ್ತಕ್ಕೆ ಸರಿಯಾಗಿ ಈ ದಡದಿಂದ ಆ ದಡಕ್ಕೆ ಕಾರುಗಳನ್ನು ದಾಟಿಸಬೇಕಾಗುವುದು. ದ್ವಿತೀಯ ಸಂಶಯ ಇನ್ನೂ ಸೂಕ್ಷ್ಮ. 31 ಬೆಸ, ಮರುದಿನದ 1 ಸಹ ಬೆಸ. ಆದಕಾರಣ ವರ್ಷದಲ್ಲಿ ಏಳು ಬಾರಿ ಬೆಸ ಪಕ್ಕದವರು ಎರಡು ದಿನ ಎಡೆಬಿಡದೆ ಕಾರುಗಳ ಭಾರವನ್ನು ಹೊರಬೇಕು, ಅಧಿಕ ವರ್ಷದಲ್ಲಿ ಫೆಬ್ರವರಿ 29ರ ದೆಸೆಯಿಂದ ಎಂಟನೆಯ ಬಾರಿಯೂ. ಒಟ್ಟು ಕೂಡಿಸಿದರೆ ಸಾಧಾರಣ ವರ್ಷದಲ್ಲಿ ಬೆಸ ದಿನಗಳು 186, ಸಮ ದಿನಗಳು 179. ಆ ರಸ್ತೆಯ ಬೆಸ ಪಕ್ಕದಲ್ಲಿ ನನ್ನ ಭಾವಮೈದುನನ ಮನೆಯಿರುವುದರಿಂದ ಈ ಏಳು ದಿನಗಳ ಅನ್ಯಾಯವನ್ನು ಕುರಿತು ಸಂಬಂಧಪಟ್ಟ ಕಚೇರಿಗೆ ನಾನೊಂದು ಅರ್ಜಿ ಬರೆದುಕೊಟ್ಟೆನು. ಫಲಕದ ಕೆಳಗೆ ನಿಂತಿದ್ದ ಸಂಚಾರ ಪೇದೆಯನ್ನೂ ಕೇಳಿದೆ. ಆತನು ಆಕಾಶವನ್ನೊಮ್ಮೆ ನೋಡಿ, “ಯಜಮಾನ್ರೆ, ಇವತ್ತು ಎಷ್ಟನೇ ತಾರೀಕು?” ಎಂದನು.

ತಮ್ಮ ಮನಸ್ಸಿನಲ್ಲೊಂದು ಪ್ರಶ್ನೆಯೇಳಬಹುದು: ‘ಈ ಮುದುಕನ ಗೇಟಿನಿಂದ ಎಂಟು ತಿಂಗಳಲ್ಲಿ ಒಂದು ಕಾರಾದರೂ ಹೊರಬಂದುದನ್ನು ನಾನು ಕಾಣೆನಲ್ಲ!’ ನಿಜ. ಮಂಜೂರಾದ ನಕ್ಷೆಯಲ್ಲಿ, ಗೇಟಿನ ಒಳಗೆ, 2.5 ಮೀಟರ್ ಅಗಲ 5.5 ಮೀಟರ್ ಉದ್ದದ ಆಯತವೊಂದರಲ್ಲಿ ಎಂಜಿನಿಯರು ಅಂದವಾದ ಕಾರೊಂದನ್ನು ಬಿಡಿಸಿದ್ದಾನೆ. ಆ ಕಾರು ಇಂದಿಗೂ ಅಲ್ಲಿಯೇ ಕದಲದೆ ನಿಂತಿದೆ. ಭೂಮಿಯ ಮೇಲೆ ಮಾತ್ರ ಅಲ್ಲೊಂದು ಬೇಕರಿಯಿದೆ. ಕಾರು ಬಾಡಿಗೆ ಕೊಡದು. ಬೇಕರಿಯವನು ಐದನೆಯ ತಾರೀಕಿನೊಳಗೆ ತಪ್ಪದೆ ಕೊಡುವನು. ಗೇಟಿನಿಂದ ರಸ್ತೆಗಿಳಿಯುವ ಇಳಿಜಾರನ್ನು ಕಾಲುದಾರಿಯ ಮೇಲೆಯೇ ಕಟ್ಟಿಸಿದ್ದೇನೆ. ಅದರ ಎರಡೂ ಮಗ್ಗುಲಿಗೆ ಸಿಮೆಂಟಿನ ಕುಂಡಗಳಲ್ಲಿ ದಾಸವಾಳವನ್ನು ನೆಟ್ಟು, ದಾರಿಹೋಕರು ರಸ್ತೆಗಿಳಿದು ನಡೆಯುವ ಅನುಕೂಲವನ್ನು ಕಲ್ಪಿಸಿದ್ದೇನೆ. ‘ಇಲ್ಲಿ ನಿಲ್ಲಿಸಿದ ವಾಹನಗಳ ಗಾಳಿ ತೆಗೆಯಲಾಗುವುದು’ ಎಂಬ ಕೆಂಪಕ್ಷರದ ಫಲಕವೂ ನನ್ನದೇ. ಅದನ್ನು ಯಾವ ಅಧಿಕಾರದಿಂದ ಹಾಕಿದೆಯೆಂದು ಯಾರಾದರೂ ಕೇಳಿಯಾರೆಂದು ನಾನು ಬಹುಕಾಲ ಅಂಜಿದ್ದೆ. ಒಬ್ಬರೂ ಕೇಳಲಿಲ್ಲ, ನೆರೆಯವರು ಬರೆಸಿದವನ ವಿಳಾಸವನ್ನು ಕೇಳಿದರು.

2021ರಲ್ಲಿ ಸರ್ಕಾರವು ನಗರಕ್ಕೆಂದು ಒಪ್ಪಿದ ನಿಲುಗಡೆ ನೀತಿಯಲ್ಲಿ, ಮನೆಯೆದುರು ಬೀದಿಯಲ್ಲಿ ಕಾರು ನಿಲ್ಲಿಸುವವರು ವರ್ಷಕ್ಕೆ ಸಣ್ಣ ಕಾರಿಗೆ 1,000, ದೊಡ್ಡದಕ್ಕೆ 5,000 ರೂಪಾಯಿ ತೆತ್ತು ಪರವಾನಗಿ ಪಡೆಯಬೇಕೆಂಬ ಸೂಚನೆಯಿದ್ದುದನ್ನು ತಾವು ಓದಿರಬಹುದು. ನಮ್ಮ ಬೀದಿಯ ಹಿರಿಯರೆಲ್ಲ ಬೇಕರಿಯ ಮುಂದೆ ಸಭೆ ಸೇರಿ ಒಕ್ಕೊರಲಿನಿಂದ ಇದನ್ನು ಖಂಡಿಸಿದೆವು. ಸ್ವಂತ ಮನೆಯ ಮುಂದಿನ ನೆಲಕ್ಕೆ ಕಂದಾಯವೆ? ಆ ನೆಲವು ನಿಮ್ಮದೆಂದು ಯಾವ ಪತ್ರದಲ್ಲಿದೆಯೆಂದು ಅಧಿಕಪ್ರಸಂಗಿ ಯುವಕನೊಬ್ಬನು ಕೇಳಲು, ಆತನು ಬಾಡಿಗೆದಾರನೆಂಬುದನ್ನು ಸಭೆಯು ಆತನ ನೆನಪಿಗೆ ತಂದಿತು. ಜಪಾನಿನಲ್ಲಿ 1962ರ ಶಾಸನವೊಂದರ ಪ್ರಕಾರ, ನಿಲ್ಲಿಸುವ ಸ್ಥಳವುಂಟೆಂದು ಪೊಲೀಸರಿಂದ ಪ್ರಮಾಣಪತ್ರ ತರದ ಹೊರತು ಬಹುತೇಕ ಕಡೆ ಕಾರನ್ನು ನೋಂದಾಯಿಸುವಂತಿಲ್ಲವೆಂದು ನನ್ನ ಮಗನು ಹೇಳುತ್ತಾನೆ. ಇಲ್ಲಿಯೂ ಅದು ಬರಲಿ, ನನಗೇನೂ ಭಯವಿಲ್ಲ: ನಕ್ಷೆಯನ್ನು ತೋರಿಸುತ್ತೇನೆ.

ಹಾಗಾದರೆ ನನ್ನ ಕಾರು ಎಲ್ಲಿ ನಿಲ್ಲುವುದೆಂದು ಕೇಳುವಿರಾ? ಹಿಂದಿನ ಅಡ್ಡರಸ್ತೆಯಲ್ಲಿ, ನಿವೃತ್ತ ಉಪಾಧ್ಯಾಯರೊಬ್ಬರ ಗೇಟಿನೆದುರು. ಅವರಿಗೆ ಕಾರಿಲ್ಲ. ಕಾರಿಲ್ಲದವರ ಮನೆಯ ಮುಂದೆ ಅಷ್ಟಗಲ ರಸ್ತೆಯನ್ನು ಬರಿದೆ ಬಿಡುವುದು, ಮಳೆ ಬಂದರೂ ಉಳದೆ ಹೊಲವನ್ನು ಬೀಳುಬಿಟ್ಟಂತೆ. ನಾನು ಅಲ್ಲಿ ನಿಲ್ಲಿಸುವುದು ಹೀಗೆ ವಿವೇಕಪೂರ್ವಕವಾಗಿ. ತಾವು ಇಲ್ಲಿ ನಿಲ್ಲಿಸುವುದು ಅಕ್ರಮವಾಗಿ. ಈ ಭೇದವನ್ನು ತಮ್ಮಂಥ ಶಾಸನಜ್ಞರಿಗೆ ವಿಸ್ತರಿಸಿ ಹೇಳಬೇಕಿಲ್ಲ.

ಆದಕಾರಣ ತಮ್ಮಲ್ಲಿ ವಿಜ್ಞಾಪಿಸಿಕೊಳ್ಳುವುದೇನೆಂದರೆ, ತಾವು ನಾಳಿನಿಂದ ಕಾರನ್ನು ಬೇರೆಲ್ಲಾದರೂ, ಯಾರ ಗೇಟಿನೆದುರಿಗಾದರೂ, ನಿಲ್ಲಿಸಿಕೊಳ್ಳಬೇಕು.

ಇಂತಿ ತಮ್ಮ ವಿಧೇಯ,
ಮನೆಯ ಯಜಮಾನ

ವಿ. ಸೂ.: ಈ ಪತ್ರದ ಮೂಲಪ್ರತಿಯನ್ನು ತಮ್ಮ ಕಾರಿನ ವೈಪರಿಗೆ ಸಿಕ್ಕಿಸಿದ್ದೇನೆ. ಮನೆಯಲ್ಲಿ ಕಾಗದ ಮುಗಿದಿದ್ದುದರಿಂದ, ಇಂದು ಬೆಳಗ್ಗೆ ನನ್ನ ಕಾರಿನ ವೈಪರಿನಲ್ಲಿ ದೊರೆತ ಹಾಳೆಯೊಂದರ ಹಿಂಬದಿಯಲ್ಲಿಯೇ ಬರೆಯಬೇಕಾಯಿತು. ಮುಂಬದಿಯಲ್ಲಿ ಉಪಾಧ್ಯಾಯರ ಅಕ್ಷರದಲ್ಲಿರುವುದನ್ನು ತಾವು ಓದುವ ಅಗತ್ಯವಿಲ್ಲ.