ಮಾರನೇ ದಿನದ ಬಸ್ಸಾರು

ಎರಡನೇ ಭಾಗ ಎಂದರೆ ಪ್ರಬಂಧಕಾರರಿಗೆ ಮೊದಲಿನಿಂದಲೂ ಗುಮಾನಿ. ಗೆದ್ದ ಸಿನಿಮಾದ ಹೆಸರಿನ ಪಕ್ಕ 2 ಎಂಬ ಅಂಕಿ ಕಂಡರೆ ಸಾಕು, ಟಿಕೆಟ್ ದುಡ್ಡಿಗೆ ಎಳ್ಳುನೀರು ಬಿಟ್ಟಂತೆಯೇ ಎಂಬುದು ಅವರ ಲೆಕ್ಕ. ಈ ಲೆಕ್ಕಕ್ಕೆ ಸಿಗದೆ ತಪ್ಪಿಸಿಕೊಂಡದ್ದು ಒಂದೇ ಪದಾರ್ಥ, ಬಸ್ಸಾರು. ಮಾಡಿದ ದಿನ ಅದು ಬರೀ ಸಾರು. ಮಾರನೇ ದಿನ ಮತ್ತೆ ಕುದಿಸಿ ಮುದ್ದೆಯ ಪಕ್ಕ ಸುರಿದಾಗಲೇ ಅದರ ನಿಜವಾದ ಗುಣ ಗೊತ್ತಾಗುವುದು. ಬೇಸಿಗೆ ರಜೆಗೆ ಅಕ್ಕನ ಮಗ ಲ್ಯಾಪ್‌ಟಾಪ್ ಹೊತ್ತು ಬಂದು, "ಮಾಮ, ಇದೊಂದು ಆಡಿ ನೋಡಿ" ಎಂದ ಮೇಲೆ ಬಸ್ಸಾರಿಗೊಂದು ಜೊತೆ ಸಿಕ್ಕಿತು. ಪೋರ್ಟಲ್ 2 ಎಂಬ ವಿಡಿಯೋ ಗೇಮ್.

ಮೊದಲ ಪೋರ್ಟಲ್ ಬಂದದ್ದು 2007ರ ಅಕ್ಟೋಬರ್‌ನಲ್ಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ವಾಲ್ವ್ ಕಂಪನಿ ಅದನ್ನು ಬಿಡಿಯಾಗಿ ಮೆರೆಸಲಿಲ್ಲ. ಆರೆಂಜ್ ಬಾಕ್ಸ್ ಎಂಬ ಕಟ್ಟಿನೊಳಗೆ ಹಾಫ್ ಲೈಫ್, ಟೀಮ್ ಫೋರ್ಟ್ರೆಸ್‌ಗಳಂಥ ದೊಡ್ಡವರ ಜೊತೆ, ತರಕಾರಿ ಕೊಂಡವರಿಗೆ ಕೊಸರಿಗೆ ಕರಿಬೇವು ಹಾಕಿದಂತೆ ಹಾಕಿತು. ಕೊಂಡವರು ಮನೆಗೆ ಹೋಗಿ ಕರಿಬೇವನ್ನೇ ಕೊಂಡಾಡಿದರು.

ಆಟದ ಯುಕ್ತಿ ಹೇಳಲು ಸುಲಭ. ಕೈಯಲ್ಲೊಂದು ಬಂದೂಕು. ಒಂದು ಗೋಡೆಗೆ ಹೊಡೆದರೆ ನೀಲಿ ಬಾಗಿಲು, ಇನ್ನೊಂದಕ್ಕೆ ಹೊಡೆದರೆ ಕಿತ್ತಳೆ ಬಾಗಿಲು. ಇದರಲ್ಲಿ ಹೊಕ್ಕರೆ ಅದರಲ್ಲಿ ಹೊರಗೆ. ಬಿದ್ದ ವೇಗ ಬಾಗಿಲು ದಾಟಿದರೂ ಕರಗುವುದಿಲ್ಲ. ಮಹಡಿಯಿಂದ ನೆಲದ ಬಾಗಿಲಿಗೆ ಧುಮುಕಿದವನು ಗೋಡೆಯ ಬಾಗಿಲಿಂದ ಕವಣೆ ಕಲ್ಲಿನ ಹಾಗೆ ಹಾರಿ ಬರುತ್ತಾನೆ. ಡಿಜಿಪೆನ್ ಸಂಸ್ಥೆಯ ವಿದ್ಯಾರ್ಥಿಗಳು ನಾರ್ಬಕ್ಯುಲರ್ ಡ್ರಾಪ್ ಎಂಬ ಆಟದಲ್ಲಿ ಈ ಯುಕ್ತಿ ಹೂಡಿದ್ದರು. ಅದನ್ನು ಕಂಡ ವಾಲ್ವ್ ಆ ತಂಡವನ್ನೇ ಕೆಲಸಕ್ಕೆ ಕರೆದುಕೊಂಡಿತು. ಹತ್ತೊಂಬತ್ತು ಪರೀಕ್ಷಾ ಕೋಣೆ, ಕೇಕ್ ಕೊಡುತ್ತೇನೆಂದು ಸುಳ್ಳು ಹೇಳುವ ಗ್ಲಾಡೋಸ್ ಎಂಬ ಯಂತ್ರ, ಕೊನೆಗೆ ಜೊನಾಥನ್ ಕೌಲ್ಟನ್ ಬರೆದ ಒಂದು ಹಾಡು. ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು ಎಂದು ಅಕ್ಕನ ಮಗ ಹೇಳಿದ್ದ. ಪ್ರಬಂಧಕಾರರಿಗೆ ಹನ್ನೊಂದು ಮಧ್ಯಾಹ್ನ ಹಿಡಿಯಿತು.

ತಪ್ಪು ತಲೆಯದಲ್ಲ, ಬೆರಳಿನದು ಎಂದು ಅವರ ವಾದ. ಮೊದಲ ಭಾಗದಲ್ಲಿ ಬೆಂಕಿಚೆಂಡಿನಂಥದ್ದೊಂದು ಕೋಣೆ ತುಂಬ ಪುಟಿಯುತ್ತಿರುತ್ತದೆ. ಸರಿಯಾದ ಗಳಿಗೆಯಲ್ಲಿ ಬಾಗಿಲು ತೆರೆದು ಅದನ್ನು ಗೂಡಿಗೆ ಸೇರಿಸಬೇಕು. ಉತ್ತರ ಹೊಳೆದಿರುತ್ತದೆ, ಕೈ ಮಾತ್ರ ಮುಕ್ಕಾಲು ಸೆಕೆಂಡು ಹಿಂದೆ. 2011ರ ಏಪ್ರಿಲ್‌ನಲ್ಲಿ ಬಂದ ಎರಡನೇ ಭಾಗ ಮಾಡಿದ ದೊಡ್ಡ ಉಪಕಾರವೆಂದರೆ ಈ ಚೆಂಡನ್ನೇ ಕಿತ್ತು ಬಿಸಾಕಿದ್ದು. ಅದರ ಜಾಗಕ್ಕೆ ಲೇಸರ್ ಕಿರಣ ಬಂತು. ಕಿರಣ ಎಲ್ಲಿಗೂ ಓಡಿ ಹೋಗುವುದಿಲ್ಲ. ನಿಂತು, ತಲೆ ಕೆರೆದು, ಕಾಫಿ ಕುಡಿದು ಬಂದರೂ ಅಲ್ಲೇ ಇರುತ್ತದೆ. ಒಗಟು ಬಿಡಿಸಿದವನು ಒಗಟಿನಲ್ಲೇ ಗೆಲ್ಲಬೇಕು, ಬೆರಳಿನ ಚುರುಕಿನಲ್ಲಲ್ಲ ಎಂದು ಯಾರೋ ಪುಣ್ಯಾತ್ಮರು ಯೋಚಿಸಿದ್ದರು.

ಆ ಪುಣ್ಯಾತ್ಮರು ಅಲ್ಲಿಗೆ ನೇರವಾಗಿ ಬರಲಿಲ್ಲ. ಎರಡನೇ ಭಾಗದಲ್ಲಿ ಬಾಗಿಲುಗಳೇ ಬೇಡ, ಕ್ಯಾಮೆರಾದಂಥ ಬೇರೊಂದು ಯುಕ್ತಿ ಇರಲಿ ಎಂದು ಮೊದಲು ಹೊರಟಿದ್ದರು. ಆಡಿ ನೋಡಿದವರಿಗೆ ಅದು ಹಿಡಿಸಿತಂತೆ, ಆದರೆ ಬಾಗಿಲುಗಳೆಲ್ಲಿ, ಗ್ಲಾಡೋಸ್ ಎಲ್ಲಿ ಎಂದು ಕೇಳಿದರಂತೆ. ಸೊಪ್ಪು ಕಾಳು ಬೇಯಿಸದೆ ಬಸ್ಸಾರು ಮಾಡಲು ಹೊರಟ ಹಾಗಾಯಿತು. ವಾಲ್ವ್ ಹಳೆಯ ಪಾತ್ರೆಯನ್ನೇ ಮತ್ತೆ ಒಲೆಗೇರಿಸಿತು. ಹೊಸ ಒಗ್ಗರಣೆಯೂ ಡಿಜಿಪೆನ್ನಿನದೇ. ಬಣ್ಣ ಎರಚಿ ದಾರಿ ಮಾಡಿಕೊಳ್ಳುವ ಇನ್ನೊಂದು ವಿದ್ಯಾರ್ಥಿ ಆಟದಿಂದ ಬಂದ ಲೋಳೆಗಳು ಅವು: ನೀಲಿ ಬಳಿದ ನೆಲ ಪುಟಿಸುತ್ತದೆ, ಕಿತ್ತಳೆ ಓಡಿಸುತ್ತದೆ, ಬಿಳಿ ಬಳಿದಲ್ಲೆಲ್ಲ ಬಾಗಿಲು ತೆರೆಯಬಹುದು.

ಪ್ರಬಂಧಕಾರರು ಮನಸೋತದ್ದು ಮಾತ್ರ ವೀಟ್ಲಿಗೆ. ಇಂಗ್ಲೆಂಡಿನ ಹಾಸ್ಯನಟ ಸ್ಟೀಫನ್ ಮರ್ಚೆಂಟ್ ದನಿ ಕೊಟ್ಟ ಈ ಕಣ್ಣುಗುಡ್ಡೆ ಯಂತ್ರ, ಅತಿಬುದ್ಧಿಯ ಗ್ಲಾಡೋಸ್‌ಗೆ ಕೆಟ್ಟ ಸಲಹೆ ಕೊಟ್ಟು ಮಂಕು ಹಿಡಿಸಲೆಂದೇ ವಿಜ್ಞಾನಿಗಳು ಕಷ್ಟಪಟ್ಟು ತಯಾರಿಸಿದ ದಡ್ಡ. ಕಚೇರಿಗಳಲ್ಲಿ ಈ ಹುದ್ದೆಗೆ ಪ್ರತ್ಯೇಕ ನೇಮಕಾತಿ ಬೇಕಾಗುವುದಿಲ್ಲ, ಅದು ಬೇರೆ ಮಾತು. ಅರ್ಧ ಆಟದಲ್ಲಿ ಅವನೇ ಯಜಮಾನನಾಗಿ ಗ್ಲಾಡೋಸ್‌ಳನ್ನು ಆಲೂಗಡ್ಡೆಗೆ ಸಿಕ್ಕಿಸಿಬಿಡುತ್ತಾನೆ. ಜಗತ್ತು ಗಡಗಡ ನಡುಗಿಸಿದವಳು 1.1 ವೋಲ್ಟ್ ವಿದ್ಯುತ್ತಿನಲ್ಲಿ, ಹಕ್ಕಿಯ ಕೊಕ್ಕಿಗೆ ಹೆದರುತ್ತ ದಿನ ದೂಡಬೇಕು. ಮುಂದೆ ಅವಳು ಸೇಡಿಗೆಂದು ತರ್ಕದ ಬಿಡಿಸಲಾಗದ ಗಂಟೊಂದನ್ನು ವೀಟ್ಲಿಯ ಮುಂದೆ ಎಸೆಯುತ್ತಾಳೆ. ಯೋಚಿಸಿ ಯೋಚಿಸಿ ಯಂತ್ರ ಸುಟ್ಟುಹೋಗಬೇಕು, ಅದು ಉಪಾಯ. ಅವನು ತಡವರಿಸದೆ ಒಂದು ಉತ್ತರ ಹೇಳಿ ಮುಗಿಸುತ್ತಾನೆ. ಯೋಚನೆ ಮಾಡಿದರಲ್ಲವೇ ಸುಡುವುದು! ಕೋಣೆಯಲ್ಲಿದ್ದ ಡಬ್ಬಿಯಂಥ ಪೆದ್ದು ಯಂತ್ರಗಳು ಮಾತ್ರ ಕಿಡಿ ಕಾರಿ ಬೀಳುತ್ತವೆ. ಈ ಜಾಗದಲ್ಲಿ ಪ್ರಬಂಧಕಾರರು ನಕ್ಕ ನಗುವಿಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು.

ಆಟದ ಹೊಟ್ಟೆಯಲ್ಲಿ ಇನ್ನೊಂದು ಕಥೆಯಿದೆ. ಉಪ್ಪಿನ ಗಣಿಯ ತಳದಲ್ಲಿ, ಪರೀಕ್ಷಾ ಕೋಣೆಗಳನ್ನೆಲ್ಲ ಕಟ್ಟಿದ ಅಪರ್ಚರ್ ಕಂಪನಿಯ ಪಾಳು ಬಿದ್ದ ಹಳೆಯ ಪ್ರಯೋಗಾಲಯ. ಅದರ ಸಂಸ್ಥಾಪಕ ಕೇವ್ ಜಾನ್ಸನ್ ಸತ್ತು ಎಷ್ಟೋ ಕಾಲವಾಗಿದೆ. ಧ್ವನಿಮುದ್ರಣದಲ್ಲಿ ಮಾತ್ರ ಗುಡುಗುತ್ತಾನೆ, ದನಿ ಜೆ. ಕೆ. ಸಿಮನ್ಸ್ ಅವರದು. ಐವತ್ತರ ದಶಕದಲ್ಲಿ ಅವನ ಪ್ರಯೋಗಕ್ಕೆ ಗಗನಯಾತ್ರಿಗಳು, ಒಲಿಂಪಿಕ್ ಪಟುಗಳು. ಎಪ್ಪತ್ತರಲ್ಲಿ ಅರವತ್ತು ಡಾಲರಿಗೆ ಬೀದಿಯಲ್ಲಿ ಮಲಗುವವರು. ಎಂಬತ್ತರಲ್ಲಿ ಸ್ವಂತ ನೌಕರರು. ಒಂದು ಕಂಪನಿ ದಿವಾಳಿಯೇಳುವ ಕಥೆಯನ್ನು ಹೀಗೆ ಗೋಡೆಯ ಫಲಕಗಳಲ್ಲಿ, ಸವೆದ ಕುರ್ಚಿಗಳಲ್ಲಿ ಓದುತ್ತ ಮೇಲೇರಬೇಕು. ಅವನು ಚಂದ್ರನ ಕಲ್ಲು ಕೊಂಡು, ಪುಡಿ ಮಾಡಿಸಿ, ಬಿಳಿ ಲೋಳೆ ಕಾಸಿ, ಆ ಪುಡಿಯ ವಿಷಕ್ಕೇ ಹಾಸಿಗೆ ಹಿಡಿದನೆಂದು ನಡುವೆ ಒಂದು ಮಾತು ಬರುತ್ತದೆ. ಆಟಗಾರ ನಕ್ಕು ಮುಂದೆ ಹೋಗುತ್ತಾನೆ. ಗಂಟೆಗಟ್ಟಲೆ ಆದ ಮೇಲೆ, ಕೊನೆಯ ಕಾಳಗದಲ್ಲಿ, ಛಾವಣಿ ಹರಿದು ಆಕಾಶ ಕಾಣುತ್ತದೆ. ನಡುವೆ ಹುಣ್ಣಿಮೆ ಚಂದ್ರ. ಕೈಯಲ್ಲಿ ಬಂದೂಕು.

ಅಕ್ಕನ ಮಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಪ್ರಬಂಧಕಾರರು ನಾಲ್ಕು ನಿಮಿಷ ನೆಲವನ್ನೇ ಹುಡುಕಿದರು.

ಹುಡುಕುವುದು ಎಂದರೆ ನೆನಪಾಯಿತು. ಗಣಿಯ ಭಾಗದಲ್ಲಿ ಎಷ್ಟೋ ಸಲ ಇರುವುದು ಒಗಟೇ ಅಲ್ಲ. ಕಣ್ಣು ಹಾಯುವಷ್ಟು ದೂರ ತುಕ್ಕು ಕಬ್ಬಿಣ, ಅದರ ಮಧ್ಯೆ ಬಾಗಿಲು ಹಿಡಿಯುವ ಅಂಗೈಯಗಲದ ಗೋಡೆ ಎಲ್ಲಿದೆ ಎಂಬ ತಪಾಸಣೆ. ಹಣೆಯ ಮೇಲಿರುವ ಕನ್ನಡಕವನ್ನು ಮನೆಯೆಲ್ಲ ಹುಡುಕುವ ಕೆಲಸವನ್ನು ಅವರು ದುಡ್ಡು ಕೊಟ್ಟು ಮಾಡಬೇಕಾಗಿರಲಿಲ್ಲ. ಮೊದಲ ಭಾಗದಲ್ಲಿ ಈ ಅಲೆದಾಟವಿಲ್ಲ, ಅಷ್ಟರ ಮಟ್ಟಿಗೆ ಅದೇ ಮೇಲು.

ಆದರೆ ಮೊದಲ ಭಾಗದಲ್ಲಿ ಇಬ್ಬರು ಕೂತು ಆಡುವಂತಿರಲಿಲ್ಲ. ಇಲ್ಲಿ ಅಟ್ಲಾಸ್, ಪಿ-ಬಾಡಿ ಎಂಬ ಎರಡು ರೋಬಾಟ್‌ಗಳಿಗೆ ಬೇರೆಯದೇ ಕೋಣೆಗಳಿವೆ. ಇಬ್ಬರಿಗೂ ಎರಡೆರಡು ಬಾಗಿಲು, ಒಟ್ಟು ನಾಲ್ಕು. ಒಬ್ಬ ಬಾಗಿಲು ಬದಲಿಸಿದರೆ, ಆ ಬಾಗಿಲಿಂದ ಹಾದುಬಂದು ಇನ್ನೊಬ್ಬನನ್ನು ಹೊತ್ತ ಬೆಳಕಿನ ಸೇತುವೆ ಮಾಯ. ಗ್ಲಾಡೋಸ್ ಅಂಕ ಕೊಡುತ್ತ, ಕಿತ್ತುಕೊಳ್ಳುತ್ತ, ಇಬ್ಬರ ನಡುವೆ ಹುಳಿ ಹಿಂಡುತ್ತಿರುತ್ತಾಳೆ. ಅವಿಭಕ್ತ ಕುಟುಂಬ ಕಂಡವರಿಗೆ ಈ ದನಿ ಹೊಸದಲ್ಲ.

"ಮಾಮ, ಅಲ್ಲಾಡಬೇಡಿ, ನಾನು ಹೇಳೋವರೆಗೂ ಏನೂ ಒತ್ತಬೇಡಿ" ಎಂದು ಹುಡುಗ ಅರ್ಧ ಸೇತುವೆಗೆ ಬಂದಿದ್ದ. ಕೆಳಗೆ ಹಸಿರು ವಿಷದ ನೀರು. ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ, "ಸಾರು ಬಿಸಿ ಮಾಡಿದೀನಿ, ಬರ್ತೀರೋ ಇಲ್ವೋ?" ಎಂದು ಕೂಗಿದಳು.

"ಬಂದ್ವಿ" ಎಂದು ಪ್ರಬಂಧಕಾರರು ಮೌಸ್ ಬಿಟ್ಟು ಎದ್ದರು. ಬಿಡುವಾಗ ಬೆರಳು ಗುಂಡಿಗೆ ತಗುಲಿತು.